ಎಡಕ್ಕೆ ತಿರುಗಿದಾಗ

ಕಂಪ್ಯೂಟರನ್ನು ಕೇಳಿದರೆ ದೋಷವಿಲ್ಲ ಅನ್ನುತ್ತದೆ.
ಮೂರು ಸಲ ಕೇಳಿದೆ. ಮೂರು ಸಲವೂ
ಹಸಿರು ಅಕ್ಷರದಲ್ಲಿ, ಸಂಬಳದ ಗುಮಾಸ್ತನ ಹಾಗೆ,
ದೋಷವಿಲ್ಲ.

ತಾಲಿನ್ನಿನ ಶೋರೂಮಿನವರು ಇಡೀ ದೀಪವನ್ನೇ ಬದಲಿಸಿ
ಒಂಬೈನೂರು ಯೂರೋ ಇಸಕೊಂಡು ಕಳಿಸಿದ್ದಾರೆ.
ಈಗಿನ ದೀಪಕ್ಕೆ ಬಲ್ಬಿಲ್ಲ, ಬಿಚ್ಚಲು ಬಾಯಿಲ್ಲ;
ಹೊಸತೂ ಹಳತರ ಚಾಳಿಯನ್ನೇ ಕಲಿತಿದೆ:
ನಡುರಾತ್ರಿ, ನಡುದಾರಿಯಲ್ಲಿ ಫಕ್ಕನೆ ಆರಿ,
ಏನೂ ಆಗಿಲ್ಲವೆಂಬಂತೆ ಮತ್ತೆ ಉರಿಯುವುದು.

ಮೀಲಿಕಾ ದನದ ಡಾಕ್ಟರು.
ಏಪ್ರಿಲ್ಲಿನಲ್ಲಿ ಸಾರೆಮಾದ ಕುರಿಗಳು
ಹೊತ್ತು ಗೊತ್ತು ನೋಡಿ ಈಯುವುದಿಲ್ಲ.
"ಯೂಲೊ, ಮೊನ್ನೆ ಕಲ್ಲುಗೋಡೆಗೆ ಇನ್ನೊಂದು ಗೇಣಿತ್ತು" ಎಂದಳು,
ಕಾಫಿಗೆ ಸಕ್ಕರೆ ಕಮ್ಮಿಯಾಯಿತು ಅನ್ನುವ ದನಿಯಲ್ಲಿ.

ಅಪ್ಪನ ಇಝ್ ಬೈಕಿನಲ್ಲಿ ಎಣಿಸಿ ಹನ್ನೊಂದು ತಂತಿ.
ಸ್ವಿಚ್ಚು ಒತ್ತಿದರೆ ದೀಪಕ್ಕೆ ನೇರ ಕೇಳಿಸುತ್ತಿತ್ತು.
ಈಗ ಸ್ವಿಚ್ಚು ಅರ್ಜಿ ಬರೆಯುತ್ತದೆ,
ಸೀಟಿನಡಿಯ ಕರಿಪೆಟ್ಟಿಗೆ ಓದುತ್ತದೆ,
ಮಂಜೂರಾದರೆ ಬೆಳಕು.

ಫ್ಯೂಸು ನೋಡಿದೆ. ಬ್ಯಾಟರಿಯ ಮೊಳೆ ಬಿಗಿದೆ.
ಉಪ್ಪುಗಾಳಿ ತಿಂದ ಅರ್ತಿಂಗನ್ನು ತಾಮ್ರ ನಗುವವರೆಗೆ ಉಜ್ಜಿದೆ.
ಮೀಟರಿನ ಮುಳ್ಳು ಚುಚ್ಚಿದಲ್ಲೆಲ್ಲ
ಹನ್ನೆರಡೂವರೆ, ಹನ್ನೆರಡೂವರೆ.
ಮೀಟರನ್ನು ಅರ್ಧ ನಂಬಬೇಕು ನೋಡಿ.
ಹೊರೆ ಹೊರಿಸದೆ ಕೇಳಿದರೆ
ಹತ್ತೊಂಬತ್ತು ಎಳೆ ಹರಿದು ಉಳಿದ ಒಂದೂ
ಹನ್ನೆರಡೂವರೆ ಅಂತಲೇ ಹೇಳುತ್ತದೆ.

ಸಂಜೆಯಾಯಿತು. ಸ್ಟೌವಿನ ಮೇಲೆ ಗಂಜಿ ಸೀದಿತು.
"ಎಲ್ಲಿ ಆರುತ್ತೆ?" ಎಂದು ಆಗ ಕೇಳಿದೆ,
ಮೊದಲೇ ಕೇಳಬೇಕಿದ್ದ ಮಾತು.
"ಸೊರ್ವೆ ಕಡೆಯ ತಿರುವಿನಲ್ಲಿ. ಎಡಕ್ಕೆ.
ಬರುವಾಗ ಇಲ್ಲ. ಹೋಗುವಾಗ ಮಾತ್ರ."

ಹ್ಯಾಂಡಲ್ಲು ಎಡಕ್ಕೆ ತಿರುಗಿಸಿದೆ.
ಗ್ಯಾರೇಜಿನ ಗೋಡೆ ಕಪ್ಪಾಯಿತು.
ಬಲಕ್ಕೆ. ಗೋಡೆ, ಕ್ಯಾಲೆಂಡರು, ನನ್ನ ಟೋಪಿ.
ಎಡಕ್ಕೆ. ಇಲ್ಲ.
ಇಷ್ಟು ದಿನ ಅದನ್ನು ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿ
ಸುಳ್ಳು ಹೇಳಿಸುತ್ತಿದ್ದೆವು ನಾವೆಲ್ಲ.

ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ತಂತಿಯ ಎರಡೂ ತುದಿ ಕಳಚಿ,
ಅಪ್ಪನ ಕಾಲದ ಐವತ್ತೈದು ವ್ಯಾಟಿನ ಬಲ್ಬು ಕಟ್ಟಿ
ಬ್ಯಾಟರಿಯಿಂದ ನೇರ ಹರಿಸಿದೆ.
ಬಲ್ಬು ಬೆಳಗಲಿಲ್ಲ; ಬೀಡಿಯ ತುದಿಯಂತೆ ಕೆಂಪಾಯಿತು.
ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?

ಹ್ಯಾಂಡಲ್ಲಿನ ಕತ್ತಿನ ಬಳಿ, ಬೆರಳಿಗೆ ಒಂದು ಮೆದು ಜಾಗ.
ಮೇಲಿನ ಚರ್ಮಕ್ಕೆ ಗೀರೂ ಇಲ್ಲ.
ಬ್ಲೇಡಿನಿಂದ ಸೀಳಿದೆ: ಮೇಲೆ ಥಳುಕು,
ಒಳಗೆ ಹಸಿರು ಪುಡಿ, ಕೂದಲಂಥ ಎರಡು ಎಳೆ
ಒಂದನ್ನೊಂದು ಮುಟ್ಟಿ ಬಿಟ್ಟು, ಮುಟ್ಟಿ ಬಿಟ್ಟು.

ಯಾಕೆ ಇಲ್ಲೇ ಹರಿಯಿತು?
ತಂತಿಗೆ ಸಡಿಲ ಬಿಡದೆ
ಫ್ರೇಮಿಗೆ ಬಿಗಿದಿದ್ದ ಒಂದು ಪ್ಲಾಸ್ಟಿಕ್ ಪಟ್ಟಿ.
ಕತ್ತರಿಸಿದ ತುದಿ ಓರೆಯಾಗಿತ್ತು.
ನನ್ನ ಇಕ್ಕಳದ ಒಂದು ಹಲ್ಲು ಮುರಿದಿದೆ,
ಅದು ಓರೆಯಾಗಿಯೇ ಕತ್ತರಿಸುವುದು.
ಅಕ್ಟೋಬರಿನಲ್ಲಿ ಅವಳ ಕೈ ಬೆಚ್ಚಗಿರಲೆಂದು
ಹಿಡಿಗೆ ಹೀಟರು ಕೂರಿಸಿದವನು ನಾನು.
ಅಚ್ಚುಕಟ್ಟಾಗಿದೆ ಅಂತ ಹೊಗಳಿದ್ದಳು.

ಪಟ್ಟಿಯನ್ನು ಜೇಬಿಗೆ ಹಾಕಿಕೊಂಡೆ.
ಕಾವಲಿ ಬಿಸಿಯಾಗುವಷ್ಟು ಹೊತ್ತು ಇಟ್ಟುಕೊಂಡೆ.
ಆಮೇಲೆ ತೆಗೆದು ಅವಳ ಮುಂದೆ ಮೇಜಿನ ಮೇಲಿಟ್ಟೆ.
ಅವಳು ಅದನ್ನೂ, ನನ್ನ ಇಕ್ಕಳವನ್ನೂ ನೋಡಿ,
"ಒಂದು ಹಸುವಿನ ಹೊಟ್ಟೆಯಲ್ಲಿ
ನನ್ನದೊಂದು ಚಿಮುಟ ಇನ್ನೂ ಇದೆ" ಎಂದಳು.
"ಹಾಲು ಕೊಡ್ತಾನೇ ಇದೆ."
ಒಂಬೈನೂರು ಯೂರೋದ ಮಾತು
ಇಬ್ಬರೂ ಎತ್ತಲಿಲ್ಲ.

ನಾಲ್ಕು ಬೆರಳಿನಷ್ಟು ಹೊಸ ತಂತಿ ಸೇರಿಸಿ ಬೆಸೆದೆ,
ಕತ್ತು ತಿರುಗಲು ಬೇಕಾದಷ್ಟು ಬಳುಕು ಬಿಟ್ಟೆ.
ಚಂದ ಕಾಣುವುದಿಲ್ಲ. ಕಾಣದಿರಲಿ.

ಫೋನು ಬಂತು, ಎರಡು ಮರಿ ಅಡ್ಡ ಸಿಕ್ಕಿಕೊಂಡಿವೆಯಂತೆ.
ಅವಳು ಹೋದಳು.
ಬಾಗಿಲಲ್ಲಿ ನಿಂತು ನೋಡಿದೆ: ಜುನಿಪರ್ ಪೊದೆ, ಕಲ್ಲುಗೋಡೆ,
ಮತ್ತೆ ಪೊದೆ, ತಿರುವು...
ಬೆಳಕು ಎಡಕ್ಕೆ ಹೊರಳಿ, ಹೊಲದ ಮೇಲೆ ಹರಿದು ಹೋಯಿತು.

ಒಳಗೆ ಏನೋ ಕುಂಯ್‌ಗುಟ್ಟುತ್ತಿತ್ತು.
ಮೀಟರನ್ನು ಆರಿಸಲು ಮರೆತಿದ್ದೆ;
ಅದರ ಎರಡು ಮುಳ್ಳು ಮೇಜಿನ ಮೇಲೆ
ಒಂದಕ್ಕೊಂದು ತಾಗಿಕೊಂಡು ಬಿದ್ದಿದ್ದವು.